ಮನೋರೋಗಗಳ ಬೇರು

ಜರ್ಮನಿಯ ಮನೋವೈದ್ಯ ಎಮಿಲ್ ಕ್ರೇಪೆಲಿನ್ 1899ರಲ್ಲಿ ತಮ್ಮ ಮನೋವೈದ್ಯಶಾಸ್ತ್ರ ಗ್ರಂಥದ ಆರನೆಯ ಆವೃತ್ತಿಯನ್ನು ಪ್ರಕಟಿಸಿದಾಗ, ಇಂದು ಸ್ಕಿಜೋಫ್ರೀನಿಯಾ ಎನಿಸಿಕೊಂಡ ವ್ಯಾಧಿಗೂ, ಉನ್ಮಾದ ವಿಷಾದಗಳು ಸರದಿಯಂತೆ ಮರುಕಳಿಸುವ ಬೈಪೋಲಾರ್ ವ್ಯಾಧಿಗೂ ನಡುವೆ ಅವರೆಳೆದ ಗೆರೆಯು ಬಹುಕಾಲ ವೈದ್ಯಶಾಸ್ತ್ರದ ಆಧಾರವಾಗಿ ನಿಂತಿತು. ಆದರೆ ಅಣ್ಣನಿಗೊಂದು, ತಂಗಿಗೆ ಮತ್ತೊಂದು ಎಂಬಂತೆ ಇವೆರಡೂ ಒಂದೇ ಮನೆತನದಲ್ಲಿ ತಲೆದೋರುವುದುಂಟು.

2013ರಲ್ಲಿ ಅಂತರರಾಷ್ಟ್ರೀಯ ವಿಜ್ಞಾನಿಗಳ ಕೂಟವೊಂದು, ಇವೆರಡರೊಡನೆ ತೀವ್ರ ಖಿನ್ನತೆ, ಆಟಿಸಂ, ಗಮನದ ಕೊರತೆಯ ವ್ಯಾಧಿಯಾದ ಎಡಿಎಚ್‌ಡಿಗಳನ್ನೂ ಕೂಡಿಸಿಕೊಂಡು, 33,332 ರೋಗಿಗಳ ಹಾಗೂ 27,888 ಇತರರ ಡಿಎನ್‌ಎಯನ್ನು ಪರಿಶೀಲಿಸಿ, ಈ ಐದಕ್ಕೂ ಸಂಬಂಧಪಟ್ಟ ನಾಲ್ಕು ಸ್ಥಾನಗಳನ್ನು ಗುರುತಿಸಿತು. ಅವುಗಳಲ್ಲಿ ಎರಡು, ನರಕೋಶದೊಳಕ್ಕೆ ಕ್ಯಾಲ್ಸಿಯಂ ಪ್ರವೇಶಿಸುವ ದ್ವಾರಗಳನ್ನು ರೂಪಿಸುವ ಜೀನುಗಳಲ್ಲಿದ್ದವು; ನರಕೋಶಗಳ ಪರಸ್ಪರ ಸಂಭಾಷಣೆಯೇ ಈ ದ್ವಾರಗಳನ್ನು ಅವಲಂಬಿಸಿರುವುದರಿಂದ, ನನಗೆ ಇದು ಅತ್ಯಂತ ಅರ್ಥಪೂರ್ಣವಾದ ಸುಳಿವೆಂದು ತೋರುತ್ತದೆ. 2019ರಲ್ಲಿ ಎಂಟು ವ್ಯಾಧಿಗಳನ್ನು ಒಟ್ಟಿಗೆ ಪರೀಕ್ಷಿಸಿದಾಗ, ಒಂದಕ್ಕಿಂತ ಹೆಚ್ಚು ವ್ಯಾಧಿಗಳಿಗೆ ಸಂಬಂಧಿಸಿದ 109 ಸ್ಥಾನಗಳು ದೊರೆತವು. ಅವುಗಳಲ್ಲಿ ಅನೇಕವು ಗರ್ಭಸ್ಥ ಶಿಶುವಿನ ಮೆದುಳು ರೂಪುಗೊಳ್ಳುವ ಕಾಲದಲ್ಲಿಯೇ ಕ್ರಿಯಾಶೀಲವಾಗುವ ಜೀನುಗಳಿಗೆ ಸೇರಿದವು.

ಈ ಶೋಧಗಳ ಬಹುಪಾಲು ಯುರೋಪಿಯನ್ ಮೂಲದ ಜನರಿಂದ ದೊರೆತುದೆಂಬುದನ್ನು ಮರೆಯಲಾಗದು. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಹಲವು ರೋಗಿಗಳಿರುವ ಕುಟುಂಬಗಳ ಅಧ್ಯಯನವು ನಡೆದಿರುವುದು ಆದಕಾರಣ ಬಹು ಮುಖ್ಯವಾದ ಕಾರ್ಯ. ಮೇಲೆ ಹೇಳಿದ ಸ್ಥಾನಗಳಲ್ಲಿ ಜನರ ನಡುವೆ ಕಾಣುವ ಪ್ರತಿಯೊಂದು ಸಾಮಾನ್ಯ ವ್ಯತ್ಯಾಸದ ಪ್ರಭಾವವೂ ಅತ್ಯಲ್ಪವಾದುದು. ನೂರಾರು ಕೂಡಿ, ಬಾಳಿನ ಆಘಾತಗಳೂ ಪರಿಸರವೂ ಸೇರಿದಾಗಲೂ ವ್ಯಾಧಿಯು ಬರಬಹುದು, ಬಾರದೆಯೂ ಇರಬಹುದು. ಆದುದರಿಂದ ವಿವಾಹದ ಮಾತುಕತೆಯಲ್ಲಿ, ವಂಶದಲ್ಲೊಬ್ಬರಿಗೆ ಮನೋರೋಗವಿದ್ದಿತೆಂಬ ಒಂದೇ ಕಾರಣದಿಂದ ಇಡೀ ಕುಟುಂಬವನ್ನು ದೂರವಿಡುವುದಕ್ಕೆ ವಿಜ್ಞಾನದ ಸಮ್ಮತಿಯಿಲ್ಲ.