ನೇಮಿ: ಸರೋವರ ಬತ್ತಿಸಿ ಹಡಗು ತೆಗೆದ ಊರು

ರೋಮ್ ನಗರದಿಂದ ಆಗ್ನೇಯಕ್ಕೆ ಸುಮಾರು 30 ಕಿಲೋಮೀಟರ್ ಹೋದರೆ ಆಲ್ಬನ್ ಬೆಟ್ಟಸಾಲು. ಅಲ್ಲಿ, ಆರಿಹೋದ ಜ್ವಾಲಾಮುಖಿಯ ಬಾಯಂಚಿಗೆ ಅಂಟಿಕೊಂಡಿದೆ ನೇಮಿ. ಎರಡು ಸಾವಿರದ ಆಸುಪಾಸು ಜನ, ಆದರೂ ತನ್ನದೇ ಪುರಸಭೆ, ತನ್ನದೇ ಮೇಯರ್. ಇಳಿಜಾರಿನಲ್ಲಿ ಉಗುರಿನಷ್ಟೇ ಗಾತ್ರದ ಕಾಡು ಸ್ಟ್ರಾಬೆರಿ ಬೆಳೆಯುತ್ತದೆ. ಜೂನ್ ಮೊದಲಲ್ಲಿ ಅದಕ್ಕೊಂದು ಹಬ್ಬ. ಕೆಂಪು ಲಂಗ, ಬಿಳಿ ರವಿಕೆ ತೊಟ್ಟ ಹೆಂಗಸರು ಬುಟ್ಟಿ ಹಿಡಿದು ಬೀದಿಯಲ್ಲಿ ಮೆರವಣಿಗೆ ಹೊರಡುತ್ತಾರೆ.

ಕೆಳಗೆ ಸರೋವರ. ಅದರ ದಡದ ತೋಪಿನಲ್ಲಿ ಹಿಂದೆ ಡಯಾನಾ ದೇವಿಯ ಗುಡಿಯಿತ್ತು. ಇದ್ದ ಅರ್ಚಕನನ್ನು ಕೊಂದವನೇ ಅಲ್ಲಿ ಮುಂದಿನ ಅರ್ಚಕ. ಜೇಮ್ಸ್ ಫ್ರೇಜರ್ ತನ್ನ 'ದಿ ಗೋಲ್ಡನ್ ಬೋ' ಗ್ರಂಥವನ್ನು ಶುರುಮಾಡಿದ್ದು ಈ ವಿಚಿತ್ರ ಪದ್ಧತಿಯ ಬೆನ್ನು ಹತ್ತಿಯೇ.

ನನಗೆ ಮಾತ್ರ ನೇಮಿ ಎಂದರೆ ಹಡಗುಗಳು. ಕ್ರಿ.ಶ. 37ರಿಂದ 41ರವರೆಗೆ ಆಳಿದ ಕಲಿಗುಲ ಚಕ್ರವರ್ತಿ ಈ ಪುಟ್ಟ ಸರೋವರದಲ್ಲಿ ತಲಾ ಸುಮಾರು 70 ಮೀಟರ್ ಉದ್ದದ ಎರಡು ಹಡಗು ತೇಲಿಸಿದ. ಕಂಚಿನ ಪ್ರಾಣಿಮುಖಗಳು, ಬಣ್ಣದ ಕಲ್ಲಿನ ನೆಲ, ಅವನ ಹೆಸರೊತ್ತಿದ ಸೀಸದ ಕೊಳವೆಗಳು! ಅವನ ಕೊಲೆಯಾದ ಮೇಲೆ ಹಡಗುಗಳು ತಳ ಸೇರಿದವು. ತಳದಲ್ಲಿ ಏನೋ ಇದೆಯೆಂದು ಮೀನುಗಾರರಿಗೆ ಗೊತ್ತಿತ್ತು. 1446ರಲ್ಲಿ ವಾಸ್ತುಶಿಲ್ಪಿ ಆಲ್ಬರ್ಟಿ ಕೊಕ್ಕೆ ಹಾಕಿ ಎಳೆಸಿದ. ಕೈಗೆ ಬಂದದ್ದು ಮುರಿದ ಮರದ ತುಂಡು.

ಕೊನೆಗೆ 1928ರಲ್ಲಿ ಮುಸೊಲಿನಿ ಸರ್ಕಾರ ಸರೋವರಕ್ಕೇ ಪಂಪು ಹೂಡಿತು. ಎತ್ತಿದ ನೀರು ಹರಿದುಹೋದದ್ದು ಪ್ರಾಚೀನರು ಬೆಟ್ಟದ ಹೊಟ್ಟೆಯಲ್ಲಿ ಕೊರೆದಿದ್ದ, ಒಂದೂವರೆ ಕಿಲೋಮೀಟರಿಗೂ ಉದ್ದದ ತೂಬಿನಲ್ಲಿ. ಮರುವರ್ಷ ಮೊದಲ ಹಡಗು ಹೂಳಿನಿಂದ ಮೈ ತೋರಿತು. ಅವೆರಡರ ಅಳತೆಗೇ ದಡದಲ್ಲಿ ವಸ್ತುಸಂಗ್ರಹಾಲಯ ಕಟ್ಟಿದರು.

1944ರ ಮೇ 31ರ ರಾತ್ರಿ, ಯುದ್ಧ ಹತ್ತಿರ ಬಂದಾಗ, ಎರಡೂ ಬೂದಿಯಾದವು. ಬೆಂಕಿ ಯಾರದು ಎಂಬ ವಾದ ಇನ್ನೂ ಮುಗಿದಿಲ್ಲ. ಕೆಸರು ಹತ್ತೊಂಬತ್ತು ಶತಮಾನ ಕಾಪಾಡಿದ್ದನ್ನು ನಾವು ಹದಿನಾರು ವರ್ಷವೂ ಉಳಿಸಿಕೊಳ್ಳಲಿಲ್ಲವಲ್ಲ ಎಂದು ಹೊಟ್ಟೆ ಉರಿಯುತ್ತದೆ.

ಆ ದೊಡ್ಡ ಹಜಾರದಲ್ಲಿ ಈಗಿರುವುದು ಐದನೇ ಒಂದಳತೆಯ ಮಾದರಿಗಳು. ಜೊತೆಗೆ 2021ರಿಂದ ಹಡಗಿನ ನೆಲದ ಒಂದು ಚೌಕ ತುಂಡು: ಹಸಿರು, ನೇರಳೆ ಕಲ್ಲುಗಳನ್ನು ಕೂದಲೆಳೆ ಸಂದಿಲ್ಲದಂತೆ ಕೂಡಿಸಿದ್ದು. ದಶಕಗಳ ಕಾಲ ಅದು ನ್ಯೂಯಾರ್ಕಿನ ಒಂದು ಮನೆಯಲ್ಲಿ ಕಾಫಿ ಮೇಜಿನ ಹಲಗೆಯಾಗಿತ್ತು.