ಭಾವಚಿತ್ರದಲ್ಲಿ ಸ್ವಂತ ಶೈಲಿ ಅರಳುವ ಬಗೆ

ಸಯನ್, ಮಾಟುಂಗ ಪರಿಸರದ ಹಳೆಯ ಕಟ್ಟಡಗಳಲ್ಲಿ ನೆಲೆಸಿರುವ ಅನೇಕ ಕನ್ನಡ ಕುಟುಂಬಗಳ ಗೋಡೆಯಲ್ಲಿ ಹಳೆಯದೊಂದು ಭಾವಚಿತ್ರ ಇಂದಿಗೂ ತೂಗುತ್ತಿರುತ್ತದೆ. ಸ್ಟುಡಿಯೋದ ಪರದೆಯ ಮುಂದೆ ಕುರ್ಚಿಯಲ್ಲಿ ಬಿಗಿಯಾಗಿ ಕುಳಿತ ಅಜ್ಜ, ಪಕ್ಕದಲ್ಲಿ ಸೆರಗು ಹೊದ್ದು ನಿಂತ ಅಜ್ಜಿ. ಅದೇ ಮನೆಯ ಮೊಮ್ಮಕ್ಕಳ ಕೈಯಲ್ಲಿ ಈಗ ಕ್ಯಾಮೆರಾ ಇದೆ. ಕಾಲೇಜಿನಲ್ಲಿ ಛಾಯಾಗ್ರಹಣವನ್ನು ಕ್ರಮಬದ್ಧವಾಗಿ ಕಲಿಯುತ್ತಿರುವವರೂ ಅವರಲ್ಲಿದ್ದಾರೆ. ಕಲಿಕೆಯ ಒಂದು ಹಂತ ದಾಟಿದ ಮೇಲೆ ಅವರನ್ನೆಲ್ಲ ಕಾಡುವ ಪ್ರಶ್ನೆ ಒಂದೇ: ನನ್ನದೇ ಆದ ಶೈಲಿಯನ್ನು ರೂಢಿಸಿಕೊಳ್ಳುವುದು ಹೇಗೆ?

ಎದುರಿಗಿರುವ ವ್ಯಕ್ತಿಯಿಂದ ಎಷ್ಟು ದೂರ ನಿಲ್ಲುತ್ತೇವೆ, ಯಾವ ಬೆಳಕನ್ನು ಆರಿಸುತ್ತೇವೆ, ಯಾವ ಕ್ಷಣಕ್ಕಾಗಿ ಕಾಯುತ್ತೇವೆ, ಕೊನೆಗೆ ಯಾವ ಚಿತ್ರವನ್ನು ಉಳಿಸಿಕೊಳ್ಳುತ್ತೇವೆ ಎಂಬ ಆಯ್ಕೆಗಳು ಮತ್ತೆ ಮತ್ತೆ ಮರುಕಳಿಸಿದಾಗ ಮೂಡುವ ಗುರುತೇ ಶೈಲಿ. ಬಣ್ಣ ಬದಲಿಸುವ ಫಿಲ್ಟರನ್ನು ಯಾರು ಬೇಕಾದರೂ ಹಾಕಬಹುದು. ಈ ಆಯ್ಕೆಗಳನ್ನು ಎರವಲು ತರಲಾಗದು.

ಜೆ.ಜೆ. ಶಾಲೆಯ ವಿದ್ಯಾರ್ಥಿನಿ

ಇದಕ್ಕೆ ನಮ್ಮ ಮುಂಬಯಿಯಲ್ಲೇ ಒಳ್ಳೆಯ ನಿದರ್ಶನವಿದೆ. ಸಯನ್‌ನಿಂದ ಸೆಂಟ್ರಲ್ ರೈಲ್ವೆಯಲ್ಲಿ ಕೊನೆಯ ನಿಲ್ದಾಣಕ್ಕೆ ಹೋದರೆ ಸಮೀಪದಲ್ಲೇ ಇದೆ, 1857ರಲ್ಲಿ ಆರಂಭಗೊಂಡ ಸರ್ ಜೆ.ಜೆ. ಸ್ಕೂಲ್ ಆಫ್ ಆರ್ಟ್. ಭಾರತದ ಪ್ರಥಮ ಪತ್ರಿಕಾ ಛಾಯಾಗ್ರಾಹಕಿ ಎಂದು ಹೆಸರಾದ ಹೊಮಾಯ್ ವ್ಯಾರಾವಾಲಾ (1913–2012) 1930ರ ದಶಕದಲ್ಲಿ ಇಲ್ಲಿ ಓದಿದವರು. ಮುಂದೆ ಅವರ ಪತಿಯಾದ ಮಾಣೆಕ್‌ಶಾ ಅವರಿಂದ ಕ್ಯಾಮೆರಾ ಹಿಡಿಯಲು ಕಲಿತ ಹೊಮಾಯ್, ತಮ್ಮ ಸಹಪಾಠಿ ರೆಹಾನಾ ಮೊಗಲ್ ಮೊದಲಾದ ಗೆಳತಿಯರನ್ನೇ ಚಿತ್ರಿಸತೊಡಗಿದರು. ಆರಂಭದ ಚಿತ್ರಗಳು ಪತಿಯ ಹೆಸರಿನಲ್ಲಿ ಪ್ರಕಟವಾದದ್ದೂ ಉಂಟು. ಹೆಸರು ಯಾರದ್ದಿದ್ದರೂ ನೋಟ ಮಾತ್ರ ಅವರದೇ ಆಗಿತ್ತು. ಕಲಿಯುವವರಿಗೆ ಇಲ್ಲಿ ಒಂದು ಪಾಠವಿದೆ: ಮೊದಲ ಮಾದರಿಗಳಿಗಾಗಿ ದೂರ ಅಲೆಯಬೇಕಿಲ್ಲ, ನಮ್ಮನ್ನು ನಂಬುವವರ ಮುಖದಿಂದಲೇ ಆರಂಭಿಸಬಹುದು.

ಮೈಸೂರಿನ ಸತ್ಯನ್

ಕನ್ನಡಿಗರಾದ ನಮಗೆ ಇನ್ನೂ ಹತ್ತಿರದವರು ಮೈಸೂರಿನ ಟಿ.ಎಸ್. ಸತ್ಯನ್ (1923–2009). ಅವರಿಗೆ 1977ರಲ್ಲಿ ಪದ್ಮಶ್ರೀ ಸಂದಿತು. 1979ರ ಅಂತಾರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವರು ತೆಗೆದ ಮಕ್ಕಳ ಚಿತ್ರಗಳು ನ್ಯೂಯಾರ್ಕ್‌ನ ವಿಶ್ವಸಂಸ್ಥೆಯ ಕೇಂದ್ರದಲ್ಲಿ ಪ್ರದರ್ಶನಗೊಂಡವು. ಪ್ರಸಿದ್ಧರಿರಲಿ, ಬೀದಿಯ ಬಾಲಕನಿರಲಿ, ಸತ್ಯನ್ ಅವರ ಕಪ್ಪು-ಬಿಳುಪಿನ ಚಿತ್ರಗಳಲ್ಲಿ ವ್ಯಕ್ತಿ ನಿರಾಳವಾಗಿರುತ್ತಾನೆ. ಕ್ಯಾಮೆರಾ ಆತನನ್ನು ಬೆದರಿಸಿದಂತೆ ಕಾಣುವುದಿಲ್ಲ. ಈ ನಿರಾಳತೆಯೇ ಅವರ ಶೈಲಿ.

ಕಟ್ಟುಪಾಡಿನ ಲಾಭ

ಅಮೆರಿಕದ ಇರ್ವಿಂಗ್ ಪೆನ್ 1948ರಲ್ಲಿ ನ್ಯೂಯಾರ್ಕ್‌ನ ತಮ್ಮ ಸ್ಟುಡಿಯೋದಲ್ಲಿ ಎರಡು ಹಲಗೆಗಳನ್ನು ಜೋಡಿಸಿ ಇಕ್ಕಟ್ಟಾದ ಮೂಲೆಯೊಂದನ್ನು ನಿರ್ಮಿಸಿದರು. ಖ್ಯಾತನಾಮರನ್ನೆಲ್ಲ ಅದೇ ಮೂಲೆಯಲ್ಲಿ ನಿಲ್ಲಿಸಿದರು. ಸ್ಥಳ ಒಂದೇ ಆದುದರಿಂದ ಪ್ರತಿಯೊಬ್ಬರ ನಿಲುವು, ಕೈಕಾಲುಗಳ ಭಂಗಿ ಭಿನ್ನವಾಗಿ ಎದ್ದು ಕಂಡಿತು. ಮುಂಬಯಿಯ ಮನೆಯಲ್ಲಿ ಇಕ್ಕಟ್ಟಾದ ಮೂಲೆಗೆ ಬರವಿಲ್ಲವಷ್ಟೆ! ಜಾಗವಿಲ್ಲ ಎಂದು ಕೊರಗುವ ಬದಲು ಆ ಮೂಲೆಯನ್ನೇ ಸ್ಟುಡಿಯೋ ಮಾಡಿಕೊಳ್ಳಬಹುದು.

ಒಂದು ಕಿಟಕಿ, ಒಂದು ಮಸೂರ, ಒಂದು ವರ್ಷ: ಈ ನಿಯಮವನ್ನು ಸ್ವಯಂ ವಿಧಿಸಿಕೊಂಡು ಮೂವತ್ತು ಜನರನ್ನು ಚಿತ್ರಿಸಿ ನೋಡಬೇಕು. ಅದಕ್ಕೆ ಕೆಲವು ಸೂಚನೆಗಳು:

1. ನೇರ ಬಿಸಿಲು ಬೀಳದ ಕಿಟಕಿಯ ಬಳಿ ವ್ಯಕ್ತಿಯನ್ನು ಪಕ್ಕವಾಗಿ ಕೂರಿಸಿ, ಮುಖವನ್ನು ತುಸು ಬೆಳಕಿನತ್ತ ತಿರುಗಿಸಿದರೆ ಕಣ್ಣಿನಲ್ಲಿ ಬೆಳಕಿನ ಚುಕ್ಕೆ ಮೂಡುತ್ತದೆ. ನೆರಳು ಗಾಢವೆನಿಸಿದರೆ ಮತ್ತೊಂದು ಬದಿಗೆ ಬಿಳಿಯ ಹೊದಿಕೆ ಹಿಡಿದರೆ ಸಾಕು. ಮಳೆಗಾಲದ ಮೋಡದ ಬೆಳಕು ಈ ಕೆಲಸಕ್ಕೆ ಬಹಳ ಹಿತ.

2. ಮೊಬೈಲನ್ನು ಎರಡು ಅಡಿ ಸಮೀಪಕ್ಕೆ ತಂದರೆ ಮೂಗು ಉಬ್ಬಿದಂತೆ, ಕಿವಿ ಹಿಂದೆ ಸರಿದಂತೆ ಕಾಣುತ್ತದೆ. ಐದಾರು ಅಡಿ ಹಿಂದೆ ಸರಿದು ಎರಡು ಪಟ್ಟು ಹಿಗ್ಗಿಸಿದರೆ ಮುಖ ತನ್ನ ಸಹಜ ಪ್ರಮಾಣಕ್ಕೆ ಮರಳುತ್ತದೆ.

3. ಹಿರಿಯರು ಬಿಳಿ ಪಂಚೆ, ಬಿಳಿ ಶರಟು ಧರಿಸಿದ್ದರೆ ಕ್ಯಾಮೆರಾ ಮೋಸಹೋಗಿ ಚಿತ್ರವನ್ನು ಕಪ್ಪಾಗಿಸುತ್ತದೆ. ಆಗ ಬೆಳಕಿನ ಅಳತೆಯನ್ನು ಮುಖಕ್ಕೆ ಹೊಂದಿಸಿಕೊಳ್ಳಬೇಕು.

4. ತಿಂಗಳಿಗೊಮ್ಮೆ ಎಲ್ಲ ಚಿತ್ರಗಳನ್ನು ಸಣ್ಣದಾಗಿ ಮುದ್ರಿಸಿ ಮೇಜಿನ ಮೇಲೆ ಹರಡಿ, ಇಷ್ಟವಾದವನ್ನು ಬೇರ್ಪಡಿಸಬೇಕು. ಏಕೆ ಇಷ್ಟವಾಯಿತು ಎಂಬುದನ್ನು ಒಂದು ಸಾಲಿನಲ್ಲಿ ಬರೆದಿಡಬೇಕು. ವರ್ಷಾಂತ್ಯದಲ್ಲಿ ಆ ಸಾಲುಗಳನ್ನು ಓದಿದರೆ ನಮ್ಮ ಶೈಲಿ ನಮಗೇ ಪರಿಚಯವಾಗುತ್ತದೆ.

ಅನುಕರಣೆಗೆ ಅಂಜಬೇಕಾಗಿಲ್ಲ. ಸಂಗೀತದ ವಿದ್ಯಾರ್ಥಿ ಗುರುವಿನ ಹಾಡಿಕೆಯನ್ನು ಹಾಗೆಯೇ ಒಪ್ಪಿಸಿ ಕಲಿಯುವಂತೆ ಹಿರಿಯರ ಒಂದು ಚಿತ್ರವನ್ನು ಮರುಸೃಷ್ಟಿಸಲು ಯತ್ನಿಸಬೇಕು. ಎಲ್ಲಿ ಅದು ಸಾಧ್ಯವಾಗದೆ ಬೇರೆ ದಾರಿ ಹಿಡಿಯುತ್ತೇವೆಯೋ, ಅಲ್ಲಿ ನಮ್ಮತನ ಇಣುಕುತ್ತದೆ.

ಕಾಯುತ್ತಿರುವ ಮುಖಗಳು

ಹದಿಹರೆಯದಲ್ಲೇ ಊರು ಬಿಟ್ಟು ಬಂದು, ಹಗಲು ಹೋಟೆಲುಗಳಲ್ಲಿ ದುಡಿದು, ರಾತ್ರಿ ಶಾಲೆಗಳಲ್ಲಿ ಓದಿ ಈ ನಗರದಲ್ಲಿ ನೆಲೆಯೂರಿದ ಕನ್ನಡಿಗರ ತಲೆಮಾರು ಈಗ ಎಂಬತ್ತರ ಆಸುಪಾಸಿನಲ್ಲಿದೆ. ಅವರಲ್ಲಿ ಎಷ್ಟೋ ಮಂದಿಯ ಒಳ್ಳೆಯ ಭಾವಚಿತ್ರವೊಂದು ಮನೆಯಲ್ಲಿಲ್ಲ. ಇರುವುದು ಗುರುತುಚೀಟಿಯ ಚಿತ್ರ, ಇಲ್ಲವೇ ಮದುವೆಯ ಗುಂಪುಚಿತ್ರ. ಅವರು ಅಗಲಿದ ದಿನ ಗುಂಪಿನಿಂದ ಮುಖವನ್ನು ಕತ್ತರಿಸಿ, ಹಿಗ್ಗಿಸಿ, ಮಸುಕಾದುದಕ್ಕೇ ಹಾರ ಹಾಕುವ ಪ್ರಸಂಗವನ್ನು ನಾವೆಲ್ಲ ಕಂಡಿದ್ದೇವೆ.

ವಿದ್ಯಾರ್ಥಿಯ ಅಭ್ಯಾಸಕ್ಕೆ ಇದಕ್ಕಿಂತ ಸಾರ್ಥಕವಾದ ವಸ್ತು ಬೇರೊಂದಿಲ್ಲ. ಆದರೆ ಅವಸರ ಸಲ್ಲದು. ಮೊದಲು ಅಪ್ಪಣೆ ಕೇಳಬೇಕು, ಕ್ಯಾಮೆರಾವನ್ನು ಬದಿಗಿಟ್ಟು ಅರ್ಧ ಗಂಟೆ ಅವರ ಮಾತು ಕೇಳಬೇಕು. ಸುಕ್ಕುಗಳನ್ನು ಕಂಪ್ಯೂಟರಿನಲ್ಲಿ ಅಳಿಸಬಾರದು. ಅವರು ಬದುಕಿದ ವರ್ಷಗಳ ಲೆಕ್ಕ ಅಲ್ಲಿದೆ. ತೆಗೆದ ಚಿತ್ರವನ್ನು ಮುದ್ರಿಸಿ ಅವರ ಕೈಗೇ ಒಪ್ಪಿಸಬೇಕು.

ತಂದೆತಾಯಿಗಳಲ್ಲಿಯೂ ಒಂದು ವಿನಂತಿ. ಮಗನೋ ಮಗಳೋ ಕ್ಯಾಮೆರಾ ಹಿಡಿದು ಕಾಲಹರಣ ಮಾಡುತ್ತಿದ್ದಾರೆ ಎಂದು ಬೇಸರಿಸುವ ಮುನ್ನ ಮನೆಯ ಹಿರಿಯರನ್ನು ಕಿಟಕಿಯ ಬಳಿ ಕೂರಿಸಿ, ಮಕ್ಕಳನ್ನು ಕರೆಯಿರಿ. ಅಜ್ಜಿಗೆ ನೆಮ್ಮದಿಯ ಒಂದು ಸಂಜೆ, ಮನೆಗೆ ಒಂದು ಚಿತ್ರ ದಕ್ಕೀತು. ಮಗುವಿನ ಶೈಲಿಗೆ ಅಲ್ಲಿಂದಲೇ ನಾಂದಿಯಾದೀತು.