ವಸತಿ ಬಡಾವಣೆಗಳಲ್ಲಿ ರಸ್ತೆ ಉಬ್ಬುಗಳ ಅಳವಡಿಕೆ: ಮಾರ್ಗಸೂಚಿಗಳ ಬದಲಾವಣೆ ಹಾಗೂ ನಾಗರಿಕರಿಗೆ ಮಾಹಿತಿ

ವಾಹನಗಳ ಅತಿವೇಗದಿಂದ ಮಕ್ಕಳು, ವೃದ್ಧರು ಹಾಗೂ ಪಾದಚಾರಿಗಳಿಗೆ ಉಂಟಾಗುವ ಅಪಾಯವನ್ನು ತಪ್ಪಿಸುವುದು ರಸ್ತೆ ಉಬ್ಬುಗಳ ಉದ್ದೇಶವಾಗಿರುತ್ತದೆ. ಆದರೆ ಅವೈಜ್ಞಾನಿಕವಾಗಿ ನಿರ್ಮಿಸಿದ ಉಬ್ಬುಗಳು ದ್ವಿಚಕ್ರ ವಾಹನ ಸವಾರರ ಪ್ರಾಣಕ್ಕೆ ಎರವಾಗಬಲ್ಲವು. ಆಂಬುಲೆನ್ಸ್‌ಗಳ ಸಂಚಾರಕ್ಕೂ ಅಡ್ಡಿಯಾಗುತ್ತವೆ. ಆದುದರಿಂದ ಇವುಗಳ ಅಳವಡಿಕೆಗೆ ನಿಯಮಗಳು ಅವಶ್ಯಕವಾಗಿವೆ.

ಮಾರ್ಗಸೂಚಿಗಳಲ್ಲಿನ ಬದಲಾವಣೆ

ಭಾರತೀಯ ರಸ್ತೆ ಕಾಂಗ್ರೆಸ್ 1988ರಲ್ಲಿ ಉಪರಸ್ತೆಗಳ ಉಬ್ಬುಗಳ ಕುರಿತು ತಾತ್ಕಾಲಿಕ ಮಾರ್ಗಸೂಚಿಯನ್ನು (ಐ.ಆರ್.ಸಿ. 99) ಪ್ರಕಟಿಸಿತು. ಅದರಲ್ಲಿ ಗಂಟೆಗೆ 25 ಕಿ.ಮೀ. ವೇಗಕ್ಕೆ 3.7 ಮೀ. ಅಗಲ ಹಾಗೂ 10 ಸೆಂ.ಮೀ. ಎತ್ತರದ ಕಮಾನಿನಾಕಾರದ ಉಬ್ಬನ್ನು ಸೂಚಿಸಲಾಗಿತ್ತು. 40 ಮೀ. ಮುಂಚಿತವಾಗಿ ಎಚ್ಚರಿಕೆ ಫಲಕವನ್ನು ಅಳವಡಿಸಲು ಸಹ ತಿಳಿಸಲಾಗಿತ್ತು.

2018ರಲ್ಲಿ ಸದರಿ ಮಾರ್ಗಸೂಚಿಯನ್ನು ಪರಿಷ್ಕರಿಸಿ, ನಗರ ಹಾಗೂ ಗ್ರಾಮೀಣ ಪ್ರದೇಶಗಳಲ್ಲಿ ವಾಹನ ಸಂಚಾರವನ್ನು ನಿಧಾನಗೊಳಿಸುವ ಕ್ರಮಗಳ ಮಾರ್ಗಸೂಚಿಯನ್ನಾಗಿ ವಿಸ್ತರಿಸಲಾಯಿತು. ಇದರಿಂದಾಗಿ ಉಬ್ಬೊಂದೇ ಪರಿಹಾರವೆಂಬ ಭಾವನೆಗೆ ಬದಲಾಗಿ, ಇತರ ಕ್ರಮಗಳನ್ನೂ ಪರಿಶೀಲಿಸಲು ಅವಕಾಶವಾಗಿದೆ.

ಅಳತೆಯ ಮಹತ್ವ

ಅಗಲವಾದ ಉಬ್ಬಿನ ಮೇಲೆ ವಾಹನವು ಕ್ರಮೇಣ ಏರಿ ಇಳಿಯುತ್ತದೆ. ಕಡಿದಾದ ಕಿರಿದಾದ ದಿಣ್ಣೆಯು ನಿಧಾನವಾಗಿ ಬರುವ ವಾಹನಕ್ಕೂ ಆಘಾತ ಉಂಟುಮಾಡುತ್ತದೆ. ಬಣ್ಣ ಬಳಿಯದ ಉಬ್ಬು ರಾತ್ರಿ ವೇಳೆ ಕಾಣಿಸುವುದಿಲ್ಲ. ಚರಂಡಿಯ ಹರಿವಿಗೆ ಅಡ್ಡಲಾಗಿದ್ದಲ್ಲಿ ಮಳೆನೀರು ನಿಲ್ಲುತ್ತದೆ. ಈ ಕಾರಣಗಳಿಂದ ನಿವಾಸಿಗಳು ಸ್ವಂತ ಖರ್ಚಿನಲ್ಲಿ ಉಬ್ಬು ನಿರ್ಮಿಸಬಾರದು.

ಅರ್ಜಿದಾರರು ಗಮನಿಸಬೇಕಾದ ಅಂಶಗಳು

1. ಕೋರಿಕೆಯನ್ನು ರಸ್ತೆಯ ನಿರ್ವಹಣೆ ಮಾಡುವ ಸ್ಥಳೀಯ ಸಂಸ್ಥೆಗೆ ಲಿಖಿತವಾಗಿ ಸಲ್ಲಿಸಿ, ಅದರ ಪ್ರತಿಯನ್ನು ಸಂಚಾರ ಪೊಲೀಸ್ ಠಾಣೆಗೂ ನೀಡುವುದು ಸೂಕ್ತ.
2. ಬೆಂಗಳೂರಿನಲ್ಲಿ 2025ರ ಸೆಪ್ಟೆಂಬರ್‌ನಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಸ್ಥಾನದಲ್ಲಿ ಐದು ನಗರ ಪಾಲಿಕೆಗಳು ಅಸ್ತಿತ್ವಕ್ಕೆ ಬಂದಿರುವುದರಿಂದ, ಬಡಾವಣೆಯು ಯಾವ ಪಾಲಿಕೆಗೆ ಒಳಪಡುತ್ತದೆಂಬುದನ್ನು ಖಚಿತಪಡಿಸಿಕೊಳ್ಳುವುದು.
3. ರಸ್ತೆಯ ಹೆಸರು, ನಿಖರ ಸ್ಥಳ, ಸಮೀಪದ ಶಾಲೆ ಅಥವಾ ಆಸ್ಪತ್ರೆ, ಸಂಭವಿಸಿದ ಅಪಘಾತಗಳು ಹಾಗೂ ವಾಹನ ದಟ್ಟಣೆಯ ಸಮಯವನ್ನು ನಮೂದಿಸುವುದು.
4. ಅವೈಜ್ಞಾನಿಕ ಉಬ್ಬನ್ನು ತೆರವುಗೊಳಿಸಲು ಅಥವಾ ಸರಿಪಡಿಸಲು ಸಹ ಇದೇ ರೀತಿ ಕೋರಬಹುದು. ಇಂತಹ ಅರ್ಜಿಯೊಂದಿಗೆ ಛಾಯಾಚಿತ್ರ ಲಗತ್ತಿಸಿದಲ್ಲಿ ಪರಿಶೀಲನೆಗೆ ಅನುಕೂಲವಾಗುತ್ತದೆ.
5. ಸ್ವೀಕೃತಿ ಪಡೆದು ಜೋಪಾನವಾಗಿ ಇಟ್ಟುಕೊಳ್ಳುವುದು. ಅರ್ಜಿಯ ಮೇಲೆ ಕೈಗೊಂಡ ಕ್ರಮದ ದಾಖಲೆಗಳನ್ನು ಮಾಹಿತಿ ಹಕ್ಕು ಅಧಿನಿಯಮ, 2005ರ 6ನೇ ಪ್ರಕರಣದಡಿ ಕೋರಬಹುದು. ಇದಕ್ಕೆ ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ನೀಡತಕ್ಕದ್ದು.

ಹೊಣೆಗಾರಿಕೆ

2019ರ ತಿದ್ದುಪಡಿಯಿಂದ ಮೋಟಾರು ವಾಹನಗಳ ಅಧಿನಿಯಮಕ್ಕೆ 198ಎ ಪ್ರಕರಣವನ್ನು ಸೇರಿಸಲಾಗಿದೆ. ರಸ್ತೆಯ ವಿನ್ಯಾಸ, ನಿರ್ಮಾಣ ಅಥವಾ ನಿರ್ವಹಣೆಯಲ್ಲಿ ನಿಗದಿತ ಸುರಕ್ಷತಾ ಮಾನದಂಡಗಳನ್ನು ಪಾಲಿಸದೆ ಸಾವು ಅಥವಾ ಅಂಗವೈಕಲ್ಯ ಉಂಟಾದಲ್ಲಿ, ಹೊಣೆ ಹೊತ್ತ ಪ್ರಾಧಿಕಾರ ಅಥವಾ ಗುತ್ತಿಗೆದಾರರಿಗೆ ಒಂದು ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಬಹುದಾಗಿದೆ.

ಎಲ್ಲಾ ರಸ್ತೆಗಳಲ್ಲಿಯೂ ಉಬ್ಬು ಅವಶ್ಯವಲ್ಲ. ಅವಶ್ಯವಿರುವಲ್ಲಿ ಅದು ಅಳತೆಗೆ ಅನುಗುಣವಾಗಿಯೂ, ದೂರದಿಂದ ಕಾಣುವಂತೆಯೂ ಇರತಕ್ಕದ್ದು. ಈ ದಿಸೆಯಲ್ಲಿ ಸಾರ್ವಜನಿಕರ ಸಹಕಾರವನ್ನು ಕೋರಲಾಗಿದೆ.